ಬಿಳಿ ಹೂವಿನ ಕಸ

ಚಿಕ್ಕಗೌರಮ್ಮ ಮಂಕರಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಹಿತ್ತಲ ಬಾಗಿಲು ದಾಟಿ, ತಿಪ್ಪೆಯ ಮಗ್ಗುಲಿಂದ ಓಣಿಗೆ ಇಳಿಯುತ್ತಿದ್ದಳು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಯಾರ ಕಣ್ಣಿಗೂ ಬೀಳದೆ ಹೊಲದ ದಾರಿ ಹಿಡಿಯಬಹುದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹುಚ್ಚಕ್ಕ ಬೇಲಿಯ ಸಂದಿಯಿಂದ ತೂರಿಬಂದು ಅವಳ ರಟ್ಟೆ ಹಿಡಿದಳು.

“ಎಲ್ಲಿಗೆ ಹೊಂಟೆಯೇ?”

“ಹೊಲದ ತಾವ್ಕೆ ಕಣಕ್ಕ. ಒಂದ್ಗಳಿಗೆ, ಬಂದ್ಬುಡ್ತೀನಿ.”

“ಗಂಡನ್ನ ಜಗುಲಿ ಮೇಲೆ ಮಲಗ್ಸಿ ಹೊಲಕ್ಕೆ ಹೊಂಟವಳನ್ನ ನಾನು ಈ ಎಪ್ಪತ್ತು ವರ್ಸದಲ್ಲಿ ಕಂಡಿಲ್ಲ. ತಲೆ ಗಿಲೆ ಕೆಟ್ಟೈತಾ?”

“ಆ ಮೂಲೆ ಕಸ ಕಾಯಾಗೈತಂತೆ. ನಮ್ಮ ಹುಡ್ಗ ಶಿವಣ್ಣ ಈಗ ಹೇಳ್ದ. ಜನ ಅದನ್ನ ತುಳಿಯೋದ್ರೊಳಗೆ ಕಿತ್ತಾಕ್ಬೇಕು.”

ಹೆಸರು ಹುಚ್ಚಕ್ಕನಾದರೂ ಆ ಬೀದಿಯಲ್ಲಿ ಅವಳಷ್ಟು ನೆಟ್ಟಗಿನ ತಲೆ ಇನ್ನೊಂದಿರಲಿಲ್ಲ. ಅವಳು ಮಂಕರಿ ಕಿತ್ತುಕೊಂಡು ತಿಪ್ಪೆಯ ಮೇಲೆ ಬೋರಲು ಹಾಕಿದಳು.

“ಊರಲ್ಲಿ ಹೆಣ ಇದ್ದಾಗ ಹೊಲಕ್ಕೆ ಯಾರೂ ಕೈ ಹಾಕಾಕಿಲ್ಲ. ಆಗದೇ ಇದ್ದೋರೂ ನೊಗ ಬಿಚ್ಚಿ ಕುಂತವ್ರೆ. ನೀನೇ ಹೋಗಿ ಕಳೆ ಕಿತ್ರೆ ಜನ ಏನಂದಾರು? ನಡಿ ಒಳೀಕೆ. ನಿಮ್ಮಣ್ಣ ಸೀರೆ ತಗಂಡು ಬರೋ ಹೊತ್ತಾಯ್ತು.”

ಚಿಕ್ಕಗೌರಮ್ಮ ತಿರುಗಿ ಬಂದಳು. ಬರದೆ ಏನು ಮಾಡುತ್ತಾಳೆ? ಆದರೆ ಮನಸ್ಸು ಮಾತ್ರ ಜಗುಲಿಯ ಮೇಲೂ ಇರಲಿಲ್ಲ, ಒಲೆಯ ಮುಂದೂ ಇರಲಿಲ್ಲ. ಅದು ಹೊಲದ ಮೇಲುಮೂಲೆಯಲ್ಲಿ, ಅತ್ತೆ ಮಾವನ ಸಮಾಧಿ ಕಲ್ಲುಗಳ ಹತ್ತಿರ ಹೋಗಿ ಕೂತಿತ್ತು.

ಕೆಂಚಯ್ಯ ತಿಪಟೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿ, ನಿನ್ನೆ ಸಂಜೆ ತೀರಿಕೊಂಡಿದ್ದ. ಕೊಬ್ಬರಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಹೆಣ ತಂದಿದ್ದರು. ಐವತ್ತೆರಡು ವರ್ಷ ಬದುಕಿದ ಮನುಷ್ಯ. ಕಿಬ್ಬನಹಳ್ಳಿಯಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ನಲವತ್ತು ತೆಂಗಿನ ಮರ, ಎರಡೂವರೆ ಎಕರೆ ಬೆದ್ದಲು ಹೊಲ, ಒಂದು ಜೊತೆ ಎತ್ತು, ಇಷ್ಟೇ ಅವನ ಆಸ್ತಿ. ಯಾವ ಚುನಾವಣೆಗೂ ನಿಂತವನಲ್ಲ. ಯಾರ ಮದುವೆಯಲ್ಲೂ ಮುಂದಿನ ಸಾಲಿನಲ್ಲಿ ಕೂತವನಲ್ಲ. ರೈಲು ಹತ್ತಿದ್ದು ಮೂರು ಸಲ, ಅದರಲ್ಲೂ ಒಂದು ಸಲ ಇಳಿಯಬೇಕಾದ ಕಡೆ ಇಳಿಯದೆ ಅರಸೀಕೆರೆಗೆ ಹೋಗಿ ತಿರುಗಿ ಬಂದಿದ್ದ. ಇಂಥವನನ್ನು ಊರು ಎರಡೇ ಮಾತಿನಲ್ಲಿ ಗುರುತು ಹಿಡಿಯುತ್ತಿತ್ತು. ಒಂದು, ಕೆರೆಗೋಡಿನ, ಅಂದರೆ ಕೆರೆಯ ಹೂಳಿನ ಜೊತೆ ಕಸ ತಂದವನು. ಎರಡು, ಹಸುರು ಜೋಳವನ್ನು ಉತ್ತು ಹಾಕುವ ಮಳ್ಳ.

ಆ ಕಸದ ಗುಣವೇ ಬೇರೆ. ಗರಿಕೆಯೋ ಜೇಕೋ ಆದರೆ ಕಣ್ಣೆದುರು ಬೆಳೆಯುತ್ತದೆ, ಕುಂಟೆಗೆ ಸಿಗುತ್ತದೆ, ಕೂಲಿಯವರು ಬೈದುಕೊಂಡಾದರೂ ಕೀಳುತ್ತಾರೆ. ಇದು ಹಾಗಲ್ಲ. ಜೋಳದ ಬೇರಿಗೆ ಬಾಯಿ ಹಾಕಿ ನೆಲದೊಳಗೇ ಹೀರುತ್ತಿರುತ್ತದೆ. ಹದವಾದ ಮಳೆ ಬಿದ್ದಿದ್ದರೂ ಪೈರು ಬೆಂಕಿ ತಗುಲಿದಂತೆ ಸುರುಟತೊಡಗಿದಾಗ ರೈತ ಬುಡ ನೋಡುತ್ತಾನೆ. ಅಲ್ಲಿ ಗೇಣುದ್ದದ ಗಿಡ, ತುದಿಯಲ್ಲಿ ಪುಟ್ಟ ಬಿಳಿ ಹೂವು. ಹೂವಿನ ಕೆಳಗೆ ಕಾಯಿ, ಕಾಯಿ ಒಡೆದರೆ ನಶ್ಯದಂಥ ಪುಡಿ. ಆ ಪುಡಿಯೇ ಬೀಜ. ಮಣ್ಣಿನೊಳಗೆ ಹತ್ತು ಹನ್ನೆರಡು ವರ್ಷ ಸುಮ್ಮನೆ ಕೂತಿರುತ್ತದೆ, ಜೋಳದ ಬೇರು ಹತ್ತಿರ ಬಂದ ದಿನ ಏಳುತ್ತದೆ. ಗಾಳಿಗೆ ಹೋಗುತ್ತದೆ, ನೀರಿಗೆ ಹೋಗುತ್ತದೆ, ಎತ್ತಿನ ಗೊರಸಿಗೂ ಮನುಷ್ಯನ ಅಂಗಾಲಿಗೂ ಮೆತ್ತಿಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತದೆ.

ಇಪ್ಪತ್ತು ವರ್ಷ ಕೆಂಚಯ್ಯ ಅದರ ಬೆನ್ನು ಹತ್ತಿದ್ದ. ಈ ವರ್ಷ ಮೊದಲ ಸಲ ಹೊಲದ ತುಂಬ ಜೋಳ ತೆನೆ ಕಟ್ಟಿ ನಿಂತಿತ್ತು. ಉಳಿದದ್ದು ಮೇಲುಮೂಲೆಯ ಒಂದು ಗುಂಟೆ ಜಾಗ. ಸಮಾಧಿ ಕಲ್ಲುಗಳು ಅಡ್ಡ ಇರುವುದರಿಂದ ಅಲ್ಲಿ ನೇಗಿಲು ತಿರುಗುತ್ತಿರಲಿಲ್ಲ, ಪ್ರತಿ ವರ್ಷ ಕೈಯಲ್ಲೇ ಕೀಳಬೇಕಿತ್ತು. ಹೂ ಬಿಡುವ ಸರಿಯಾದ ಹೊತ್ತಿಗೆ ಅವನು ಆಸ್ಪತ್ರೆ ಸೇರಿದ, ಅವಳು ಅವನ ಮಂಚದ ಪಕ್ಕ ಸೇರಿದಳು, ಕಸ ತನ್ನ ಪಾಡಿಗೆ ಕಾಯಿ ಕಟ್ಟಿತು. ಈಗ ಗುಂಡಿ ತೋಡಿರುವುದು ಅದೇ ಮೂಲೆಯಲ್ಲಿ, ಅಪ್ಪನ ಕಲ್ಲಿನ ಎಡಕ್ಕೆ. ಮಧ್ಯಾಹ್ನ ಇನ್ನೂರು ಜನ ಆ ಮಣ್ಣು ತುಳಿದು ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಅವರಲ್ಲಿ ಹೊಲವಿಲ್ಲದವರು ಹತ್ತು ಜನವೂ ಇರಲಾರರು.

*

ಶಿವಣ್ಣ ಹುಟ್ಟಿದ ವರ್ಷ ಚಿಕ್ಕಗೌರಮ್ಮ ಬಾಣಂತನ ಮುಗಿಸಿ ಹಂದನಕೆರೆ ಕಡೆಯ ತವರಿನಿಂದ ಹೊರಟಾಗ ಅವಳ ಅಪ್ಪ ಮೊಮ್ಮಗನ ಹಾಲಿಗೆಂದು ಕಂದುಬಣ್ಣದ ಒಂದು ಹಸು ಕೊಟ್ಟ. ಹೊಸ ಊರಿನ ಮೇವಿಗೆ ಅದು ತಟ್ಟನೆ ಬಾಯಿ ಹಾಕುತ್ತದೋ ಇಲ್ಲವೋ ಎಂದು ಒಂದು ಗಾಡಿ ಜೋಳದ ಸಪ್ಪೆಯನ್ನೂ ಹೇರಿ ಕಳಿಸಿದ. ಹಸು ತಿಂದಿತು, ಹಾಲು ಕೊಟ್ಟಿತು. ತಿಂದು ಉಳಿದ ದಂಟು ಧೂಳೆಲ್ಲ ಕೊಟ್ಟಿಗೆಯಿಂದ ತಿಪ್ಪೆಗೆ ಹೋಯಿತು, ತಿಪ್ಪೆಯಿಂದ ಹೊಲಕ್ಕೆ ಹೋಯಿತು. ಅದೇ ಬೇಸಿಗೆಯಲ್ಲಿ ಕೆಂಚಯ್ಯ ಕೆರೆಯ ಗೋಡನ್ನೂ ಹನ್ನೆರಡು ಗಾಡಿ ಹೊಡೆದಿದ್ದ.

ಮುಂದಿನ ವರ್ಷ ಜೋಳ ಎದೆಯುದ್ದ ಬಂದು ಸುರುಟಿಕೊಂಡಿತು. ಬುಡದಲ್ಲಿ ಬಿಳಿ ಹೂವು. ಊರಿನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಅವಳಂತೂ ಚೆಂದವಾಗಿದೆ ಎಂದು ಎರಡು ಕುಡಿ ಕಿತ್ತು ಮಗುವಿನ ಕೈಗೆ ಕೊಟ್ಟಿದ್ದಳು. ಆಮೇಲೆ ಗೌರಿ ಹಬ್ಬಕ್ಕೆಂದು ತವರಿಗೆ ಹೋದಳು. ಅಪ್ಪನ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಕಾಲ ಕೆಳಗೆ ಅದೇ ಹೂವು ಕಂಡಳು. ಒಂದಲ್ಲ, ಎರಡಲ್ಲ, ಸಾಲುಸಾಲು. ಅಪ್ಪನ ಸಪ್ಪೆಯ ಗಾಡಿ ಅವಳ ನೆನಪಿಗೆ ಬಂತು.

ಅವಳಿಗೆ ಆಗ ಇಪ್ಪತ್ತೊಂದು ವರ್ಷ. ಮನೆಯಲ್ಲಿ ಅತ್ತೆ ಕಲ್ಲಮ್ಮ ಗಟ್ಟಿಮುಟ್ಟಾಗಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೆ ಅದನ್ನು ಸೊಸೆಯ ಅಜ್ಜಿಯ ಕಾಲದಿಂದ ವಿಚಾರಿಸುತ್ತಿದ್ದ ಹೆಂಗಸು. ಹೊಲ ಸುಟ್ಟದ್ದು ಸೊಸೆಯ ತವರಿನ ಸಪ್ಪೆಯಿಂದ ಎಂದು ಗೊತ್ತಾದರೆ ಮಾತು ಎಲ್ಲಿ ನಿಲ್ಲುತ್ತದೆ ಎಂದು ಹೇಳುವಂತಿರಲಿಲ್ಲ. ಹಬ್ಬ ಮುಗಿಸಿ ಅವಳು ಗಂಡನ ಮನೆಗೆ ಬಂದಾಗ ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಕೆಂಚಯ್ಯ ಅವರಿಗೆ ಹೇಳುತ್ತಿದ್ದ:

“ಕೆರೆಗೋಡಿಂದ ಬಂದೈತೆ ಕಣ್ರಪ್ಪ. ಹೊಡೆದೋನು ನಾನೇ, ಅನುಭವಿಸೋನೂ ನಾನೇ.”

ಅವಳು ಗಂಟನ್ನು ಒಳಗಿಟ್ಟು ಸುಮ್ಮನಾದಳು. ಅವನು ಹಾಗೆ ತಿಳಿದಿದ್ದಾನೆ, ತಿಳಿದುಕೊಳ್ಳಲಿ ಎಂದುಕೊಂಡಳು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಿಂಗಳು ಕಳೆಯಿತು, ವರ್ಷ ಕಳೆಯಿತು. ಅತ್ತೆ ತೀರಿಕೊಂಡ ಮೇಲೂ ಬಾಯಿ ಬರಲಿಲ್ಲ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ ಏನು ಹೇಳುವುದು? ಆ ಹೊಲದ ಕಳೆಗೆ ಮಾತ್ರ ಅವಳು ಕೂಲಿಯವರನ್ನು ಕರೆಯಗೊಡಲಿಲ್ಲ. ತಾನೇ ಬಗ್ಗಿ ಕೀಳುತ್ತಿದ್ದಳು. ಬೆರಳ ಸಂದಿಯಲ್ಲಿ ರಕ್ತ ಜಿನುಗಿದ ದಿನ ಕೆಂಚಯ್ಯ “ಸಾಕು ಬುಡೇ” ಎಂದರೂ ಬಿಡುತ್ತಿರಲಿಲ್ಲ.

ಕೆಂಚಯ್ಯ ಯಾರೋ ಗ್ರಾಮಸೇವಕನಿಂದ ಒಂದು ಉಪಾಯ ಕೇಳಿಕೊಂಡು ಬಂದಿದ್ದ. ಜೋಳವನ್ನು ಒತ್ತಾಗಿ ಬಿತ್ತಬೇಕು. ಅದರ ಬೇರು ಕಂಡು ಕಸದ ಬೀಜ ಮೊಳೆತು ಬರುತ್ತದೆ. ಕಸ ಹೂಬಿಡುವ ಮೊದಲೇ, ನಲವತ್ತೈದನೆಯ ದಿನಕ್ಕೆ, ಜೋಳವನ್ನೂ ಕಸವನ್ನೂ ಸೇರಿಸಿ ಉತ್ತುಬಿಡಬೇಕು. ಮಧ್ಯೆ ಒಂದು ವರ್ಷ ಹುರುಳಿ, ಒಂದು ವರ್ಷ ಎಳ್ಳು. ಹೇಳುವುದು ಸುಲಭ. ಮೊದಲನೆಯ ಸಲ ಮಂಡಿಯುದ್ದದ ಹಸುರು ಜೋಳಕ್ಕೆ ಅವನು ನೇಗಿಲು ಇಳಿಸಿದ ದಿನ ಕಲ್ಲಮ್ಮ ಬದುವಿನ ಮೇಲೆ ಕೂತು ಎದೆ ಬಡಿದುಕೊಂಡಳು. ಎತ್ತುಗಳೇ ಗೊಂದಲಕ್ಕೆ ಬಿದ್ದು ಪೈರಿಗೆ ಬಾಯಿ ಹಾಕುತ್ತ ನಿಂತವು. ಕೆಂಚಯ್ಯ ಮಾತ್ರ ತಲೆ ಎತ್ತದೆ ಸಾಲು ಮುಗಿಸಿದ.

*

ಹನ್ನೊಂದು ಗಂಟೆ ಬಸ್ಸಿಗೆ ಬಂದ ಅಣ್ಣ ಮಾಯಣ್ಣ ಕಿಬ್ಬನಹಳ್ಳಿಯಿಂದ ನಡೆದೇ ಬಂದ. ತವರಿನ ಸೀರೆ ತಂದು ತಂಗಿಯ ಮಡಿಲಿಗೆ ಹಾಕಿ, ಭಾವನ ಕಾಲ ಹತ್ತಿರ ಕೂತು ಗೊಳೋ ಎಂದು ಅತ್ತ. ಅತ್ತು ಮುಗಿಸಿ ಮುಖ ತೊಳೆಯಲು ಹಿತ್ತಲಿಗೆ ಬಂದಾಗ ಚಿಕ್ಕಗೌರಮ್ಮ ಅವನ ಬೆನ್ನಿಗೇ ಬಂದಳು.

“ಅಣ್ಣಾ, ನಿನ್ನ ಹತ್ರ ಒಂದು ಮಾತೈತೆ.”

“ಹೇಳವ್ವ.”

“ಆ ಬಿಳಿ ಹೂವಿನ ಕಸ ನಮ್ಮಪ್ಪ ಕಳಿಸಿದ ಸಪ್ಪೇಲಿ ಬಂದಿದ್ದು. ನಾನು ಅವತ್ತೇ ಕಂಡಿದ್ದೆ. ಅವರಿಗೆ ಹೇಳಲೇ ಇಲ್ಲ. ಅವರು ಗೋಡಲ್ಲಿ ತಾನೇ ತಂದಿದ್ದು ಅಂದ್ಕಂಡೇ ಹೋದ್ರು. ನಾನು ಪಾಪಿ ಕಣಣ್ಣ.”

ಮಾಯಣ್ಣ ಚೊಂಬನ್ನು ಕಲ್ಲಿನ ಮೇಲಿಟ್ಟ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

“ಭಾವಂಗೆ ಗೊತ್ತಿತ್ತು ಕಣವ್ವ.”

“ಏನು?”

“ಆ ವರ್ಸ ನೀನು ಗೌರಿ ಹಬ್ಬಕ್ಕೆ ಬರೋಕೆ ಎಂಟು ದಿನ ಮುಂಚೆ ಹುರುಳಿ ಬೀಜ ಕೇಳ್ಕಂಡು ಬಂದಿದ್ದ. ನಮ್ಮ ಹೊಲದ ಬದುವಿನ ಮೇಲೆ ನಿಂತು ನೋಡ್ದ. ಬಗ್ಗಿ ಒಂದು ಗಿಡ ಕಿತ್ತು ಬೇರು ನೋಡ್ದ. ನನ್ನ ಪಕ್ಕಕ್ಕೆ ಕರ್ದು, ‘ನಿನ್ನ ತಂಗೀಗೆ ಯಾವತ್ತೂ ಹೇಳ್ಬ್ಯಾಡ. ನಮ್ಮವ್ವಂಗೆ ತಿಳಿದ್ರೆ ಅವಳು ಉಂಡನ್ನ ಮೈಗೆ ಹತ್ತಾಕೆ ಬುಡಾಕಿಲ್ಲ. ಗೋಡು ಹೊಡ್ದಿದ್ದೀನಲ್ಲ, ಅದರ ಮೇಲೆ ಹಾಕ್ತೀನಿ’ ಅಂದ. ಅಪ್ಪನ ಆಣೆ ಇಡಿಸ್ಕಂಡ.”

ಚಿಕ್ಕಗೌರಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಪ್ಪತ್ತು ವರ್ಷ! ಒಂದೇ ಒಲೆಯ ಮುಂದೆ ಕೂತು ಉಂಡಿದ್ದರು, ಒಂದೇ ಸಾಲಿನ ಎರಡು ಮಗ್ಗುಲು ಹಿಡಿದು ಕಳೆ ಕಿತ್ತಿದ್ದರು. ಹೇಳಿಬಿಟ್ಟಿದ್ದರೆ ಅವಳು ಒಂದು ದಿನ ಅತ್ತು ಹಗುರಾಗುತ್ತಿದ್ದಳು. ಎದ್ದು ಜಗುಲಿಗೆ ಹೋಗಿ ಅವನ ಭುಜ ಹಿಡಿದು ಅಲ್ಲಾಡಿಸಿ ಕೇಳಬೇಕೆನ್ನಿಸಿತು. ಆಮೇಲೆ ಇನ್ನೊಂದು ನೆನಪು ಬಂತು, ಸಿಟ್ಟು ಅಲ್ಲೇ ಕುಸಿಯಿತು.

*

ಆ ನೆನಪು ಎಪ್ಪತ್ನಾಲ್ಕರದು. ಕೆಂಚಯ್ಯನ ಹೊಲದ ತಗ್ಗಿಗೆ ಹನುಮಂತಯ್ಯನ ಹೊಲ, ಅದರ ಆಚೆಗೆ ಅವನ ತೆಂಗಿನ ತೋಟ, ಬಾವಿ. ಮೇಲಿನ ಹೊಲದ ಮಳೆನೀರು ಕೆಳಗೆ ಇಳಿಯಲೇಬೇಕು. ಏಳೆಂಟು ಮಳೆಗಾಲದಲ್ಲಿ ಬಿಳಿ ಹೂವು ಹನುಮಂತಯ್ಯನ ಜೋಳಕ್ಕೂ ಇಳಿಯಿತು. ಅವನು ಸುರುಟಿದ ಪೈರಿನ ಒಂದು ಕಟ್ಟನ್ನು ಹೊತ್ತು ತಂದು ಅರಳಿಕಟ್ಟೆಯ ಮೇಲೆ ಎಸೆದು ನ್ಯಾಯ ಕೇಳಿದ.

“ಮನೆ ಹಾಳು ಮಾಡ್ದ ನನ್ಮಗ! ಇವನ ಗೋಡು ಇವನ ಹೊಲದಲ್ಲಿ ಇರ್ಬೇಕಪ್ಪ, ನನ್ನ ಹೊಲಕ್ಕೆ ಯಾಕೆ ಬರ್ಬೇಕು?”

ಊರಿನ ಹಿರಿಯ ಶ್ರೀರಂಗಯ್ಯ ಕೇಳಿದ, “ಏನಂತೀಯಾ ಕೆಂಚಯ್ಯ?”

ಕೆಂಚಯ್ಯ ಎದ್ದು ನಿಂತು ಟವಲನ್ನು ಕಂಕುಳಿಗೆ ಇಟ್ಟುಕೊಂಡ. “ತಪ್ಪು ನಂದೇ. ಇನ್ಮೇಲೆ ಅವನ ಹೊಲದ ಕಸಾನೂ ನಾನೇ ಕೀಳ್ತೀನಿ.”

ಹೆಂಗಸರ ಗುಂಪಿನಲ್ಲಿ ನಿಂತಿದ್ದ ಚಿಕ್ಕಗೌರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಲ್ಲೇ, ಆಗಲೇ ಹೇಳಿಬಿಡಬಹುದಿತ್ತು. ಗಂಡ ಒಂದು ಸಲ ಅವಳ ಕಡೆ ನೋಡಿದ. ಅದು ಸೋತವನ ನೋಟ ಎಂದು ಅವಳು ಅವತ್ತು ತಿಳಿದಿದ್ದಳು. ಅವಳಿಗೂ ಗೊತ್ತಿದೆ ಎಂದು ಬಲ್ಲವನು ಸುಮ್ಮನಿರು ಎಂದು ಹೇಳುವ ನೋಟ ಅದು. ಹನ್ನೆರಡು ವರ್ಷ ಕಳೆದು, ಹಿತ್ತಲ ಕಲ್ಲಿನ ಮೇಲೆ ಕೂತು, ಅವಳಿಗೆ ಈಗ ಅರ್ಥವಾಯಿತು.

ಅವತ್ತಿನಿಂದ ಹನುಮಂತಯ್ಯ ಅವರೊಂದಿಗೆ ಮಾತು ಬಿಟ್ಟ.

*

ಹೆಣ ಎತ್ತಿದಾಗ ಎರಡು ಗಂಟೆಯಾಗಿತ್ತು. ಹಿಂದಿನ ದಿನ ಹುಬ್ಬೆ ಮಳೆ ಚೆನ್ನಾಗಿ ಬಿದ್ದಿದ್ದರಿಂದ ಹೊಲಗಳ ಮಣ್ಣು ಹಸಿಯಾಗಿತ್ತು, ಮೇಲೆ ಬಿಸಿಲು ಚುರುಗುಡುತ್ತಿತ್ತು. ಮುಂದೆ ತಮಟೆ, ಹಿಂದೆ ಶಿವಣ್ಣ ಒದ್ದೆ ಪಂಚೆಯಲ್ಲಿ ಬೆಂಕಿಯ ಮಡಕೆ ಹಿಡಿದು, ಅವನ ಹಿಂದೆ ಚಟ್ಟ. ಜನ ನಿರೀಕ್ಷೆಗಿಂತ ಹೆಚ್ಚೇ ಸೇರಿದ್ದರು. ಎಂಟು ಹಳ್ಳಿಯಿಂದ ಬಂದಿದ್ದರು. ಬದುಕಿದ್ದಾಗ ಮಳ್ಳ ಎಂದವರೇ ಈಗ “ನಿಯತ್ತಿನ ಮನುಷ್ಯ” ಎಂದು ಪರಸ್ಪರ ಹೇಳಿಕೊಳ್ಳುತ್ತ ನಡೆದರು.

ಹೊಲದ ಬದುವಿನ ಕಂಡಿ ಬಂತು. ಒಳಗೆ ಹೋಗಲು, ಹೊರಗೆ ಬರಲು ಅದೊಂದೇ ದಾರಿ. ಕಂಡಿಯ ಹೊರಗೆ ಚಪ್ಪಟೆಯಾದ ಹಾಸುಬಂಡೆ, ಅದರ ಮೇಲೆ ಜನ ಚಪ್ಪಲಿ ಬಿಡತೊಡಗಿದರು. ಹೆಂಗಸರ ನಡುವೆ ಬರುತ್ತಿದ್ದ ಚಿಕ್ಕಗೌರಮ್ಮ ಹುಚ್ಚಕ್ಕನ ಕೈ ಬಿಡಿಸಿಕೊಂಡು ಸರಸರನೆ ಮುಂದೆ ನಡೆದು ಕಂಡಿಗೆ ಅಡ್ಡ ನಿಂತಳು. ತಮಟೆ ನಿಂತಿತು.

“ಇದೇನಮ್ಮ?” ಶ್ರೀರಂಗಯ್ಯ ಗಾಬರಿಯಾದ. “ದಾರೀಲಿ ಹೆಣ ನಿಲ್ಲಿಸ್ಬಾರ್ದು.”

“ನಿಲ್ಲಿಸಾಕಿಲ್ಲ ಕಣಪ್ಪ. ಒಂದೇ ಮಾತು. ಎಲ್ಲಾರೂ ಬರ್ರಿ, ಮಣ್ಣು ಹಾಕ್ರಿ. ಹಿಂದಕ್ಕೆ ಹೋಗೋವಾಗ ಈ ಕಂಡೀಲೇ, ಒಳಮಗ್ಗುಲಲ್ಲೇ ನಿಂತು ಕಾಲು ತೊಳ್ಕಂಡು ಹೋಗ್ರಿ. ಅಲ್ಲಿ ಕಸ ಕಾಯೊಡ್ದೈತೆ. ಈ ಹೊಲದ ಮಣ್ಣು ನಿಮ್ಮ ಕಾಲಲ್ಲಿ ನಿಮ್ಮ ಹೊಲಕ್ಕೆ ಹೋಗ್ಬಾರ್ದು.”

ಶ್ರೀರಂಗಯ್ಯ ತಾಳ್ಮೆಯಿಂದ, ಮಗುವಿಗೆ ಹೇಳುವಂತೆ ಹೇಳಿದ:

“ಕಾಲು ತೊಳೆಯೋದು ಮನೆ ಬಾಗ್ಲಲ್ಲಿ ಕಣಮ್ಮ. ತೊಳ್ದು, ದೀಪ ನೋಡಿ ಹೋಗೋದು ನಮ್ಮ ಪದ್ಧತಿ. ನಡುದಾರೀಲಿ ತೊಳೆದೋರನ್ನ ನಾನು ಕಂಡಿಲ್ಲ. ಇಲ್ಲಿ ನೀರಾದರೂ ಎಲ್ಲೈತೆ? ಸರಿ ಅತ್ಲಾಗೆ.”

ಗುಂಪಿನ ಹಿಂದಿನಿಂದ ಯಾರದೋ ದನಿ, ಮೆಲ್ಲಗೆ ಆಡಿದ್ದು ಎಲ್ಲರಿಗೂ ಕೇಳಿತು: “ಗೋಡು ಹೊಡ್ದು ಊರಿಗೆ ಕಸ ಹಂಚಿದೋನೇ ಮಲಗವ್ನೆ. ಈಗ ಕಾಲು ತೊಳ್ದು ಏನಾಗ್ಬೇಕಾಗೈತೆ?”

ಚಿಕ್ಕಗೌರಮ್ಮ ಅಣ್ಣನ ಕಡೆ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಎಂಟು ಹಳ್ಳಿಯ ಎದುರು ತವರಿನ ಹೆಸರು. ಅವಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಗೋಡಲ್ಲ ಅದು. ನನ್ನ ಬಾಣಂತನಕ್ಕೆ ನಮ್ಮಪ್ಪ ಕಳಿಸಿದ ಸಪ್ಪೇಲಿ ಬಂದಿದ್ದು. ನಾನು ತಂದಿದ್ದು. ನಂಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತಂತೆ. ನನ್ನ ಮೇಲೆ ಮಾತು ಬರ್ಬಾರ್ದು ಅಂತ ಇಪ್ಪತ್ತು ವರ್ಸ ತಮ್ಮ ತಲೆ ಮೇಲೆ ಹೊತ್ಕಂಡ್ರು. ಬಯ್ಯೋದಾದ್ರೆ ನನ್ನ ಬಯ್ರಿ, ನಾಳೆಯಿಂದ ದಿನಾ ಬಯ್ರಿ. ಇವತ್ತು ಮಾತ್ರ ಇವರ ಕೆಲ್ಸ ಹಾಳು ಮಾಡ್ಬ್ಯಾಡ್ರಿ. ಈ ಮೂಲೆ ಒಂದೇ ಉಳಿದಿರೋದು.”

ಶಿವಣ್ಣ ಬೆಂಕಿಯ ಮಡಕೆ ಹಿಡಿದುಕೊಂಡೇ ತಾಯಿಯನ್ನು ಮೊದಲ ಸಲ ನೋಡುವಂತೆ ನೋಡುತ್ತಿದ್ದ. ಮಾಯಣ್ಣ ತಲೆ ತಗ್ಗಿಸಿದ.

ಆಗ ಕೆಳಗಿನ ಬದುವಿನ ಮೇಲಿಂದ ಒಬ್ಬ ಕೆಮ್ಮಿದ. ಹನುಮಂತಯ್ಯ. ಸಾವಿನ ಮನೆಗೆ ಅವನು ಬಂದಿರಲಿಲ್ಲ. ತನ್ನ ಹೊಲದ ಗಡಿಯಲ್ಲಿ ತಲೆಗೆ ಟವಲು ಹಾಕಿಕೊಂಡು ದೂರದಿಂದಲೇ ನೋಡಿ ಹೋಗಲೆಂದು ನಿಂತಿದ್ದ. ಈಗ ಟವಲು ತೆಗೆದು ನಿಧಾನಕ್ಕೆ ಹತ್ತಿ ಬಂದ. ಹನ್ನೆರಡು ವರ್ಷದಲ್ಲಿ ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಅವಮ್ಮ ಹೇಳೋದು ಸರಿಯಾಗೈತೆ,” ಎಂದ, ಚಟ್ಟದ ಕಡೆ ನೋಡುತ್ತ. “ಈ ಕಸದ ಸಂಕಟ ನಿಮಗ್ಯಾರಿಗೂ ಗೊತ್ತಿಲ್ಲ, ನಂಗೊತ್ತೈತೆ. ಹನ್ನೆರಡು ವರ್ಸ ಈ ನನ್ಮಗ ನನ್ನ ಹೊಲದಾಗೆ ಕಳೆ ಕಿತ್ತ. ಹೊತ್ತು ಹುಟ್ಟೋಕೆ ಮುಂಚೆ ಬಂದು ಬಗ್ಗೋನು, ಬಿಸಿಲೇರೋವರೆಗೆ ಎದ್ದೋನಲ್ಲ. ನನ್ನ ಹೊಲದಾಗೆ ಈಗ ಒಂದು ಗಿಡ ಇಲ್ಲ. ನಾನು ಪಕ್ಕದಾಗೇ ನೀರು ಕಟ್ತಿದ್ದೆ. ಒಂದು ದಿನ, ಒಂದು ಲೋಟ ನೀರು ಕುಡೀತೀಯೇನಯ್ಯ ಅಂತ ಕೇಳ್ಲಿಲ್ಲ.”

ಅವನು ಟವಲಿನಿಂದ ಮುಖವನ್ನು ಒರಟಾಗಿ ಒರೆಸಿಕೊಂಡ.

“ನೀರು ಎಲ್ಲೈತೆ ಅಂದ್ರಲ್ಲ, ನನ್ನ ಬಾವೀಲೈತೆ. ಎಷ್ಟು ಬೇಕೋ ಅಷ್ಟು ತರಿಸ್ತೀನಿ. ನೀವು ನಡೀರಿ ಒಳೀಕೆ.”

“ಅಂಗಾದ್ರೆ ಇಲ್ಲೂ ತೊಳೀರಿ, ಮನೇಲೂ ತೊಳೀರಿ,” ಎಂದ ಶ್ರೀರಂಗಯ್ಯ ತಟ್ಟನೆ. “ಎರಡು ಸಲ ತೊಳೆದ್ರೆ ಕಾಲೇನು ಸವ್ದೋಗಾಕಿಲ್ಲ. ಬಡೀರಪ್ಪ ತಮಟೆ.”

ಗುಂಡಿಯ ಹತ್ತಿರ ಎಲ್ಲ ಶಾಸ್ತ್ರದಂತೆ ನಡೆಯಿತು. ಅಪ್ಪನ ಎಡಕ್ಕೆ ಮಗನನ್ನು ಇಳಿಸಿದರು. ಶಿವಣ್ಣ ಮೂರು ಹಿಡಿ ಮಣ್ಣು ಹಾಕಿದ, ಮಾಯಣ್ಣ ಹಾಕಿದ, ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಚಿಕ್ಕಗೌರಮ್ಮನ ಸರದಿ ಬಂದಾಗ ಅವಳು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಗುಂಡಿಯ ಅಂಚಿಗೆ ಬಂದಳು.

“ನಂಗೆ ಹೇಳ್ಬೇಕಾಗಿತ್ತು,” ಎಂದಳು, ಕೆಳಗೆ ಬಗ್ಗಿ, ಅವನೊಬ್ಬನಿಗೇ ಕೇಳುವಷ್ಟು. “ನಾನೂ ಹೇಳ್ಬೇಕಾಗಿತ್ತು ಬುಡು.”

ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದೇ ಇದ್ದದ್ದೆಲ್ಲ ಒಟ್ಟಿಗೆ ಬಂತು. ಹುಚ್ಚಕ್ಕ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, ಸಾಕು ಎನ್ನದೆ ಅಳಲು ಬಿಟ್ಟಳು.

ಅವರು ಕಂಡಿಗೆ ಮರಳುವ ಹೊತ್ತಿಗೆ ಅಲ್ಲಿ ಕೆಲಸ ನಡೆದೇ ಇತ್ತು. ಕರೆಂಟು ಇರಲಿಲ್ಲವಾಗಿ ಹನುಮಂತಯ್ಯನ ಮಗ ಸೊಸೆಯರು ಬಾವಿಯಿಂದ ಸೇದಿ, ತೋಟದಿಂದ ಕಂಡಿಯವರೆಗೆ ಕೊಡ ಕೈಬದಲಾಯಿಸುತ್ತಿದ್ದರು. ಹನುಮಂತಯ್ಯ ಗುದ್ದಲಿಯಿಂದ ಬದುವಿನ ಒಳಗೆ ಸಣ್ಣ ಗುಂಡಿ ತೆಗೆದು, ತೊಳೆದ ನೀರು ಹೊರಗೆ ಹರಿಯದಂತೆ ಮಾಡಿದ್ದ. ಒಬ್ಬೊಬ್ಬರೂ ಗುಂಡಿಯ ಅಂಚಿಗೆ ಬಂದು ನಿಲ್ಲಬೇಕು, ಅವನು ನೀರು ಹುಯ್ಯಬೇಕು.

“ಬೆರಳ ಸಂದಿ ತಿಕ್ಕೊಳ್ಳಯ್ಯ. ಹಿಮ್ಮಡಿ ತೋರ್ಸು. ಏಯ್, ಪಂಚೆ ಅಂಚು ಕೊಡವ್ಲಾ!” ಎಂದು ಗದರುತ್ತಿದ್ದ. ತಿಪಟೂರಿನಿಂದ ಬಂದಿದ್ದ ಕೊಬ್ಬರಿ ಮಂಡಿಯ ಸಾಹುಕಾರನೊಬ್ಬ ತನಗೆ ಹೊಲವೇ ಇಲ್ಲವೆಂದು ಜಾರಿಕೊಳ್ಳಲು ನೋಡಿದ. ಅವನ ಕಾಲಿಗೆ ಎರಡು ಚೊಂಬು ಹೆಚ್ಚೇ ಬಿತ್ತು. ತಮಟೆಯವರು ತೊಳೆದರು, ಗುಂಡಿ ತೋಡಿದವರು ಗುದ್ದಲಿ ಸಮೇತ ತೊಳೆದರು. ಶ್ರೀರಂಗಯ್ಯ ತೊಳೆದ ಮೇಲೆ ಮತ್ತೆ ತಿರುಗಿ ಬಂದು, ಎಡಗಾಲಿನ ಹಿಮ್ಮಡಿ ಸರಿಯಾಗಲಿಲ್ಲವೆಂದು ಇನ್ನೊಂದು ಸಲ ಒಡ್ಡಿದ.

ಕೊನೆಗೆ ಉಳಿದವಳು ಚಿಕ್ಕಗೌರಮ್ಮ. ಹನುಮಂತಯ್ಯ ಚೊಂಬನ್ನು ಅವಳ ಕೈಗೆ ಕೊಡಲಿಲ್ಲ. ತಾನೇ ಬಗ್ಗಿ, ಮುಖ ನೋಡದೆ, ನಿಧಾನವಾಗಿ ಎರಡು ಕಾಲಿಗೂ ಹುಯ್ದ. ಕೆಂಪು ನೀರು ಗುಂಡಿಗೆ ಇಳಿಯಿತು. ತಿಳಿನೀರು ಇಳಿಯುವವರೆಗೂ ಅವನು ಹುಯ್ಯುತ್ತಲೇ ಇದ್ದ. ಆಮೇಲೆ ತನ್ನ ಕಾಲನ್ನೂ ತೊಳೆದುಕೊಂಡ.

ಅವಳು ಕಂಡಿ ದಾಟಿ ಹಾಸುಬಂಡೆಯ ಮೇಲೆ ಕಾಲಿಟ್ಟಳು. ಬಂಡೆಯ ತುಂಬ ಒದ್ದೆ ಹೆಜ್ಜೆಗಳು, ಚಿಕ್ಕವು, ದೊಡ್ಡವು, ಒಂದರ ಮೇಲೊಂದು, ಎಲ್ಲವೂ ಊರಿನ ಕಡೆಗೆ. ಒಂದರಲ್ಲೂ ಮಣ್ಣಿನ ಗುರುತಿರಲಿಲ್ಲ. ಮುಂದಿನ ಹೆಜ್ಜೆಗಳು ಬಿಸಿಲಿಗೆ ಆಗಲೇ ಆರತೊಡಗಿದ್ದವು.